ಉಂಗುಟದ ಗಂಟು: ಪಾದ, ಪಾದರಕ್ಷೆ ಮತ್ತು ಸಮಾಜದ ಚರಿತ್ರೆ

ತುಮಕೂರು ಜಿಲ್ಲೆಯ ಕೊರಟಗೆರೆ ತಾಲ್ಲೂಕಿನ ಸಿದ್ದರಬೆಟ್ಟ ಎರಡು ಕಾರಣಗಳಿಗೆ ಹೆಸರಾಗಿದೆ. ಒಂದು, ಬೆಟ್ಟದ ಮೇಲಿನ ಗುಹೆಯಲ್ಲಿರುವ ಸಿದ್ಧೇಶ್ವರನ ಸನ್ನಿಧಿ. ಇನ್ನೊಂದು, ಬೆಟ್ಟದ ಮೈಮೇಲೆ ಬೆಳೆಯುವ ಔಷಧೀಯ ಸಸ್ಯಗಳು. ಮಧುಗಿರಿ, ಶಿರಾ, ಪಾವಗಡದ ಕಡೆಯ ಹಳ್ಳಿಗಳಿಂದ ಬರುವ ಭಕ್ತರು ಕಲ್ಲುಬಂಡೆಗಳ ನಡುವಿನ ಮೆಟ್ಟಿಲು ಹತ್ತಿ ಈ ಗುಹೆಯನ್ನು ಸೇರುತ್ತಾರೆ. ಹರಕೆ ಹೊತ್ತವರು ಬರಿಗಾಲಲ್ಲೇ ಹತ್ತುವುದುಂಟು.

ಇಂಥ ಬೆಟ್ಟದ ಮೆಟ್ಟಿಲ ಮೇಲೆ ಏರಿಳಿಯುವ ಕಾಲುಗಳನ್ನು ಗಮನಿಸಿದರೆ ಚರಿತ್ರೆಯ ಒಂದು ಪಾಠವೇ ಕಣ್ಣಿಗೆ ಬೀಳುತ್ತದೆ. ರಾಗಿ, ಕಡಲೆಕಾಯಿ ಹೊಲಗಳಲ್ಲಿ ಬರಿಗಾಲಲ್ಲಿ ದುಡಿದವರ ಪಾದ ಮುಂಭಾಗದಲ್ಲಿ ಅಗಲವಾಗಿ, ಬೆರಳುಗಳು ಬೀಸಣಿಗೆಯಂತೆ ಬಿಡಿಬಿಡಿಯಾಗಿರುತ್ತವೆ. ಬಹುಕಾಲ ಬಿಗಿ ಶೂ ಧರಿಸಿದವರ ಪಾದ ಮುಂದೆ ಹೋದಂತೆ ಕಿರಿದಾಗುತ್ತದೆ. ಬೆರಳುಗಳು ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಕೆಲವರಲ್ಲಿ ಉಂಗುಟ, ಅಂದರೆ ಕಾಲಿನ ಹೆಬ್ಬೆರಳು, ಪಕ್ಕದ ಬೆರಳಿನ ಕಡೆಗೆ ವಾಲಿ, ಅದರ ಬುಡದಲ್ಲಿ ಒಂದು ಗಂಟು ಎದ್ದಿರುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಬನಿಯನ್’ ಎಂದು ಹೆಸರು. ನಾವು ಅಂಗಿಯ ಒಳಗೆ ತೊಡುವ ಬನಿಯನ್ನಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ!

ಈ ಗಂಟು ಏಕೆ ಬರುತ್ತದೆ, ಶಸ್ತ್ರಚಿಕಿತ್ಸೆ ಇಲ್ಲದೆ ಇದನ್ನು ಎಷ್ಟರಮಟ್ಟಿಗೆ ನಿಭಾಯಿಸಬಹುದು ಎಂಬುದು ವೈದ್ಯಶಾಸ್ತ್ರದ ಪ್ರಶ್ನೆ. ಆದರೆ ಉತ್ತರ ಹುಡುಕಲು ಹೊರಟರೆ ಚಮ್ಮಾರಿಕೆ, ರಾಜಾಜ್ಞೆ, ಜಾತಿಪದ್ಧತಿ, ಶಾಲೆಯ ಸಮವಸ್ತ್ರ ಇವೆಲ್ಲವನ್ನೂ ಹಾದುಹೋಗಬೇಕಾಗುತ್ತದೆ.

ಗಂಟು ಎಂದರೇನು?

ಪಾದದ ನಡುಭಾಗದಿಂದ ಬೆರಳುಗಳವರೆಗೆ ಐದು ಉದ್ದನೆಯ ಎಲುಬುಗಳಿವೆ. ಉಂಗುಟಕ್ಕೆ ಆಧಾರವಾದ ಮೊದಲನೆಯ ಎಲುಬು ಕ್ರಮೇಣ ಇನ್ನೊಂದು ಪಾದದ ಕಡೆಗೆ ಸರಿಯುತ್ತದೆ. ಅದರ ತುದಿಯಲ್ಲಿರುವ ಉಂಗುಟ ಮಾತ್ರ ಎದುರು ದಿಕ್ಕಿಗೆ, ಅಂದರೆ ಎರಡನೆಯ ಬೆರಳಿನ ಕಡೆಗೆ, ವಾಲುತ್ತದೆ. ಇವೆರಡೂ ಕೂಡುವ ಕೀಲು ಹೊರಗೆ ಚಾಚಿಕೊಂಡು ಗಂಟಿನಂತೆ ಕಾಣುತ್ತದೆ. ಇಲ್ಲಿ ಹೊಸದಾಗಿ ಎಲುಬು ಬೆಳೆದಿದೆ ಎಂದು ಅನೇಕರು ತಿಳಿಯುತ್ತಾರೆ. ನಿಜವಾಗಿ ನಡೆದಿರುವುದು ಬಹುಪಾಲು ಎಲುಬಿನ ಸ್ಥಾನಪಲ್ಲಟ. ಚಪ್ಪಲಿಯೋ ಶೂವೋ ಉಜ್ಜಿದಾಗ ಅದರ ಮೇಲಿನ ಚರ್ಮ ದಪ್ಪವಾಗಿ, ಕೆಂಪೇರಿ, ಊದಿಕೊಂಡು ನೋಯುತ್ತದೆ. ಉಂಗುಟ 15 ಡಿಗ್ರಿಗಿಂತ ಹೆಚ್ಚು ವಾಲಿದ್ದರೆ ವೈದ್ಯರು ಸಾಮಾನ್ಯವಾಗಿ ಇದನ್ನು ವಿಕೃತಿ ಎಂದು ಗುರುತಿಸುತ್ತಾರೆ. ಇದಕ್ಕೆ ‘ಹ್ಯಾಲಕ್ಸ್ ವ್ಯಾಲ್ಗಸ್’ ಎಂಬ ಶಾಸ್ತ್ರೀಯ ಹೆಸರನ್ನು 1870ರ ಸುಮಾರಿಗೆ ಕೊಟ್ಟವನು ಜರ್ಮನಿಯ ಶಸ್ತ್ರವೈದ್ಯ ಕಾರ್ಲ್ ಹ್ಯೂಟರ್.

ಕಾರಣ ಒಂದೇ ಅಲ್ಲ. ಪಾದದ ಆಕಾರ ಮತ್ತು ಕೀಲುಗಳ ಸಡಿಲತೆ ತಂದೆತಾಯಿಗಳಿಂದ ಬರುತ್ತವೆ. ಅಜ್ಜಿ, ತಾಯಿ, ಮಗಳು ಮೂವರಿಗೂ ಗಂಟು ಇರುವ ಮನೆಗಳುಂಟು. ಸಂಧಿವಾತದಂಥ ಕಾಯಿಲೆಗಳೂ ಕಾರಣವಾಗಬಲ್ಲವು. ಇವುಗಳ ಜೊತೆಗೆ ನಾವೇ ಕಾಲಿಗೆ ಹಾಕಿಕೊಳ್ಳುವ ಕಾರಣವೊಂದಿದೆ. ಅದೇ ಮುಂಭಾಗ ಇಕ್ಕಟ್ಟಾದ, ಹಿಮ್ಮಡಿ ಎತ್ತರವಾದ ಪಾದರಕ್ಷೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ ಹೆಂಗಸರಲ್ಲಿ ಶೇ. 30ರಷ್ಟು, ಗಂಡಸರಲ್ಲಿ ಶೇ. 13ರಷ್ಟು ಮಂದಿಗೆ ಈ ತೊಂದರೆ ಇದೆ. ಈ ಅಂತರಕ್ಕೆ ಮೈಕಟ್ಟಿನ ಜೊತೆಗೆ ಪಾದರಕ್ಷೆಯ ಫ್ಯಾಷನ್ನೂ ಕಾರಣವಿರಬೇಕೆಂದು ತಜ್ಞರು ಭಾವಿಸುತ್ತಾರೆ.

ಕನ್ನಡ ನಾಡಿನ ಮೆಟ್ಟು

ಪಾದರಕ್ಷೆಗೆ ಕನ್ನಡದಲ್ಲಿರುವ ಹೆಸರುಗಳನ್ನೇ ನೋಡಿ: ಮೆಟ್ಟು, ಕೆರ, ಎಕ್ಕಡ, ಜೋಡು, ಹಾವುಗೆ, ಚಮ್ಮಾವುಗೆ. ಮರದ ಹಾವುಗೆಗೆ ಮುಂದುಗಡೆ ಒಂದು ಗುಬುಟು. ಅದನ್ನು ಉಂಗುಟ ಮತ್ತು ಎರಡನೆಯ ಬೆರಳಿನ ನಡುವೆ ಹಿಡಿದು ನಡೆಯಬೇಕು. ಚರ್ಮದ ಮೆಟ್ಟಿಗೆ ಅಗಲವಾದ ಅಟ್ಟೆ, ಮೇಲೊಂದು ಪಟ್ಟಿ, ಉಂಗುಟಕ್ಕೊಂದು ಬಳೆಯಂಥ ಉಂಗುಷ್ಠ. ಈ ಎರಡು ಬಗೆಯಲ್ಲಿಯೂ ಬೆರಳುಗಳಿಗೆ ಗೋಡೆಯಿಲ್ಲ ಎಂಬುದನ್ನು ಗಮನಿಸಬೇಕು. ಪಾದ ಎಷ್ಟು ಹರಡಬೇಕೋ ಅಷ್ಟು ಹರಡಲು ಅವಕಾಶವಿದೆ.

ಈ ಕಸುಬಿನ ಹೆಮ್ಮೆ ಇಂದಿಗೂ ಉಳಿದಿದೆ. ಬೆಳಗಾವಿ ಜಿಲ್ಲೆಯ ಅಥಣಿ ಮುಂತಾದ ಕಡೆಗಳಲ್ಲಿ ಕೈಯಿಂದ ತಯಾರಾಗುವ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಹೆಸರು ಕೊಲ್ಹಾಪುರದ್ದಾದರೂ ಈ ಮಾನ್ಯತೆ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೂ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೂ ಸಮಾನವಾಗಿ ಸಲ್ಲುತ್ತದೆ.

ಹನ್ನೆರಡನೆಯ ಶತಮಾನದ ಶರಣ ಚಳವಳಿಯಲ್ಲಿ ಚಮ್ಮಾವುಗೆ ಒಂದು ದೊಡ್ಡ ಸಂಕೇತವಾಯಿತು. ಕಲ್ಯಾಣದ ಹರಳಯ್ಯ ಚಮ್ಮಾರಿಕೆಯ ಕಾಯಕದವನು. ತನ್ನ ನಮಸ್ಕಾರಕ್ಕೆ ಬಸವಣ್ಣನವರು ಎರಡು ಪಟ್ಟು ವಿನಯದಿಂದ ಪ್ರತಿನಮಸ್ಕಾರ ಮಾಡಿದರೆಂದು ಋಣಭಾರ ತಾಳಲಾರದೆ, ತನ್ನ ಮತ್ತು ಮಡದಿ ಕಲ್ಯಾಣಮ್ಮನ ತೊಡೆಯ ಚರ್ಮದಿಂದ ಅವರಿಗೆ ಪಾದರಕ್ಷೆ ಮಾಡಿಕೊಟ್ಟನೆಂಬುದು ಐತಿಹ್ಯ. ಬಸವಣ್ಣನವರು ಅದನ್ನು ಮೆಟ್ಟದೆ ತಲೆಯ ಮೇಲೆ ಹೊತ್ತರಂತೆ. ಕಾಲಿನ ಕೆಳಗಿರುವುದನ್ನು ಮಾಡುವವನು ಕೀಳಲ್ಲ ಎಂಬ ಮಾತನ್ನು ಈ ಕಥೆ ಎಂಟು ಶತಮಾನಗಳಿಂದ ಹೇಳುತ್ತ ಬಂದಿದೆ.

ಚೂಪು ಬೂಟಿನ ಕಾಲ

ಇನ್ನು ಯೂರೋಪಿನ ಕಡೆಗೆ ನೋಡೋಣ. ಉಂಗುಟದ ಗಂಟಿಗೂ ಫ್ಯಾಷನ್ನಿಗೂ ಇರುವ ನಂಟಿಗೆ ಬಹು ಸ್ಪಷ್ಟವಾದ ಸಾಕ್ಷ್ಯ ದೊರೆತಿರುವುದು ಇಂಗ್ಲೆಂಡಿನ ಕೇಂಬ್ರಿಜ್ ನಗರದ ಹಳೆಯ ಸಮಾಧಿಗಳಲ್ಲಿ. ಅಲ್ಲಿನ 177 ಅಸ್ಥಿಪಂಜರಗಳ ಪಾದಗಳನ್ನು ಪರೀಕ್ಷಿಸಿದ ಸಂಶೋಧಕರು 2021ರಲ್ಲಿ ತಮ್ಮ ವರದಿ ಪ್ರಕಟಿಸಿದರು. 11ರಿಂದ 13ನೆಯ ಶತಮಾನದವರಲ್ಲಿ ಶೇ. 6ರಷ್ಟು ಮಂದಿಗೆ ಮಾತ್ರ ಗಂಟಿನ ಕುರುಹು ಇತ್ತು. 14 ಮತ್ತು 15ನೆಯ ಶತಮಾನದವರಲ್ಲಿ ಅದು ಶೇ. 27ಕ್ಕೆ ಏರಿತ್ತು. ನಡುವೆ ಆದದ್ದೇನು? ಹದಿನಾಲ್ಕನೆಯ ಶತಮಾನದಲ್ಲಿ ‘ಪುಲೆನ್’ ಎಂಬ ಉದ್ದ ಮೂತಿಯ ಚೂಪು ಬೂಟು ಅಲ್ಲಿನ ಫ್ಯಾಷನ್ ಆಯಿತು.

ಯಾರಿಗೆ ಹೆಚ್ಚು ಗಂಟು ಎಂಬುದು ಇನ್ನೂ ಸ್ವಾರಸ್ಯದ ಸಂಗತಿ. ಹೊಲಗದ್ದೆಗಳ ನಡುವಿನ ಹಳ್ಳಿಯ ಸಮಾಧಿಯಲ್ಲಿ ಶೇ. 3, ನಗರದ ಬಡವರ ಸಮಾಧಿಯಲ್ಲಿ ಶೇ. 10, ಸಿರಿವಂತರನ್ನೂ ಸಂನ್ಯಾಸಿಗಳನ್ನೂ ಹೂಳುತ್ತಿದ್ದ ಮಠದ ಸಮಾಧಿಯಲ್ಲಿ ಶೇ. 43. ಎಲುಬು ಸುಳ್ಳು ಹೇಳುವುದಿಲ್ಲ. ಯಾರ ಕೈಯಲ್ಲಿ ಹಣವಿತ್ತೋ ಅವರ ಕಾಲು ಸೊಟ್ಟಗಾಗಿತ್ತು! ಗಂಟು ಇದ್ದ ಹಿರಿಯರಲ್ಲಿ ಬಿದ್ದು ಎಲುಬು ಮುರಿದುಕೊಂಡ ಗುರುತುಗಳೂ ಹೆಚ್ಚಾಗಿದ್ದವು. ಅಂದರೆ ಇದು ಬರಿಯ ಅಂದಗೇಡಿನ ಮಾತಲ್ಲ, ನಡಿಗೆಯ ಸ್ಥಿರತೆಯ ಪ್ರಶ್ನೆ.

ಬೂಟಿನ ಮೂತಿ ಎಷ್ಟು ಬೆಳೆಯಿತೆಂದರೆ ಅರಸನೇ ಅಡ್ಡ ಬರಬೇಕಾಯಿತು. 1463ರಲ್ಲಿ ನಾಲ್ಕನೆಯ ಎಡ್ವರ್ಡನ ಕಾಲದ ಶಾಸನವೊಂದು, ಪ್ರಭುವರ್ಗಕ್ಕಿಂತ ಕೆಳಗಿನವರು ಎರಡು ಅಂಗುಲಕ್ಕಿಂತ ಉದ್ದ ಮೂತಿಯ ಬೂಟು ತೊಡಬಾರದೆಂದು ವಿಧಿಸಿತು. ಆಸಕ್ತಿ ಪಾದದ ಆರೋಗ್ಯದಲ್ಲಿರಲಿಲ್ಲ. ಸಾಮಾನ್ಯನು ಪ್ರಭುವಿನಂತೆ ಕಾಣಬಾರದು ಎಂಬುದಷ್ಟೇ ಉದ್ದೇಶ.

ಪಾದದ ಪರವಾಗಿ ದನಿಯೆತ್ತಿದವರು ಬಂದದ್ದು ಮುಂದೆ. 1781ರಲ್ಲಿ ಹಾಲೆಂಡಿನ ಅಂಗರಚನಾಶಾಸ್ತ್ರಜ್ಞ ಪೆಟ್ರಸ್ ಕ್ಯಾಂಪರ್ ಒಳ್ಳೆಯ ಪಾದರಕ್ಷೆ ಹೇಗಿರಬೇಕೆಂದು ಒಂದು ಪ್ರಬಂಧವನ್ನೇ ಬರೆದ. ಆಗ ಯೂರೋಪಿನಲ್ಲಿ ಎಡಬಲ ಭೇದವಿಲ್ಲದೆ ಒಂದೇ ಅಚ್ಚಿನಲ್ಲಿ ಎರಡು ಕಾಲಿನ ಬೂಟುಗಳನ್ನೂ ಹೊಲಿಯುವುದು ಸಾಮಾನ್ಯವಾಗಿತ್ತು. 1858ರಲ್ಲಿ ಜೂರಿಚ್ ನಗರದ ಹರ್ಮನ್ ಫಾನ್ ಮೇಯರ್ ಇನ್ನೊಂದು ಹೆಜ್ಜೆ ಮುಂದೆ ಹೋದ. ಉಂಗುಟದ ನಡುವಿನಿಂದ ಹಿಂದಕ್ಕೆಳೆದ ಗೆರೆ ಹಿಮ್ಮಡಿಯ ನಡುವನ್ನು ಸೇರಬೇಕು, ಅಟ್ಟೆಯನ್ನು ಆ ಗೆರೆಗೆ ಹೊಂದಿಸಿ ಕತ್ತರಿಸಬೇಕು ಎಂಬುದು ಅವನ ಸೂತ್ರ.

ಬೂಟು ನಮ್ಮಲ್ಲಿಗೆ ಬಂದಾಗ

ಬ್ರಿಟಿಷರ ಆಳ್ವಿಕೆಯೊಂದಿಗೆ ಮುಚ್ಚಿದ ಬೂಟು ನಮ್ಮ ದೇಶಕ್ಕೆ ಅಧಿಕಾರದ ಲಾಂಛನವಾಗಿ ಬಂತು. ಸಾಹೇಬರ ಎದುರಿಗೆ ಭಾರತೀಯರು ಜೋಡು ಬಿಟ್ಟು ನಿಲ್ಲಬೇಕಾಗಿತ್ತು. 1854ರಲ್ಲಿ ಗವರ್ನರ್ ಜನರಲ್ ಹೊರಡಿಸಿದ ಆದೇಶವೊಂದು, ಯೂರೋಪಿಯನ್ ಮಾದರಿಯ ಬೂಟು ತೊಟ್ಟ ಭಾರತೀಯರಿಗೆ ಅಧಿಕೃತ ಸಮಾರಂಭಗಳಲ್ಲಿ ಅದನ್ನು ಧರಿಸಿಯೇ ಬರಲು ಅವಕಾಶ ಕೊಟ್ಟಿತು. ದೇಶೀ ಜೋಡಿಗೆ ಮಾತ್ರ ಆ ಮರ್ಯಾದೆ ಸಿಗಲಿಲ್ಲ. ಹೀಗಾಗಿ ಕಚೇರಿ, ಕಾಲೇಜು, ಪೊಲೀಸು, ಸೈನ್ಯ ಎಲ್ಲ ಕಡೆಯೂ ‘ಬೂಟು ಎಂದರೆ ಸಭ್ಯತೆ’ ಎಂಬ ಭಾವನೆ ಬೇರೂರಿತು. 1930ರ ದಶಕದಲ್ಲಿ ಬಾಟಾ ಸಂಸ್ಥೆ ಕಲ್ಕತ್ತದ ಬಳಿ ಕಾರ್ಖಾನೆ ತೆರೆದ ಮೇಲೆ ಸಿದ್ಧ ಪಾದರಕ್ಷೆ ಸಾಮಾನ್ಯರ ಕೈಗೂ ಎಟುಕತೊಡಗಿತು.

ಇದರಿಂದ ಅನುಕೂಲವಾಯಿತು, ಆದರೆ ಒಂದು ನಷ್ಟವೂ ಆಯಿತು. ಊರ ಚಮ್ಮಾರ ಅಳತೆ ತೆಗೆಯುತ್ತಿದ್ದದ್ದು ಒಬ್ಬೊಬ್ಬರ ಕಾಲಿನದು. ಕಾರ್ಖಾನೆಗೆ ಗೊತ್ತಿರುವುದು ಒಂದು ಸಂಖ್ಯೆ. ಆರು, ಏಳು, ಎಂಟು ಎಂಬ ಆ ಸಂಖ್ಯೆ ಉದ್ದವನ್ನು ಹೇಳುತ್ತದೆ, ಅಗಲವನ್ನು ಹೇಳುವುದಿಲ್ಲ. ಅಗಲ ಪಾದದ ನಮ್ಮ ರೈತನ ಮಗಳು ಅಂಗಡಿಯಲ್ಲಿ ‘ಆರು ನಂಬರ್ ಕೊಡಿ’ ಎಂದಾಗ ಸಿಗುವುದು ಬೇರಾವುದೋ ಅಚ್ಚಿನ ಆರು ನಂಬರ್.

ಬರಿಗಾಲಿನ ಸಾಕ್ಷ್ಯ

ಬೂಟು ನಿಜಕ್ಕೂ ಪಾದವನ್ನು ಬದಲಿಸುತ್ತದೆಯೇ? ಇಂಥ ಪ್ರಶ್ನೆಗೆ ಉತ್ತರ ಬೇಕಾದರೆ ಬೂಟು ಧರಿಸುವವರನ್ನೂ ಧರಿಸದವರನ್ನೂ ಹೋಲಿಸಿ ನೋಡಬೇಕು. 1905ರಲ್ಲಿ ಅಮೆರಿಕದ ಫಿಲಿಪ್ ಹಾಫ್‌ಮನ್ ಬರಿಗಾಲಿನ ಜನರ 186 ಜೊತೆ ಪಾದಗಳನ್ನು ಪರಿಶೀಲಿಸಿ, ಅವರ ಬೆರಳುಗಳು ಸಹಜವಾಗಿ ಹರಡಿಕೊಂಡಿರುವುದನ್ನು ದಾಖಲಿಸಿದ. 1958ರಲ್ಲಿ ಹಾಂಗ್‌ಕಾಂಗಿನ ಇಬ್ಬರು ವೈದ್ಯರು ಒಂದೇ ಜನಾಂಗದ ಎರಡು ಗುಂಪುಗಳನ್ನು ಹೋಲಿಸಿದರು. ಬೂಟು ಧರಿಸುವವರಲ್ಲಿ ಶೇ. 33ರಷ್ಟು ಮಂದಿಗೆ ಉಂಗುಟ ವಾಲಿತ್ತು, ಬರಿಗಾಲಿನವರಲ್ಲಿ ಶೇ. 1.9ರಷ್ಟು ಮಾತ್ರ. ಶೇ. 1.9 ಎಂದರೆ ಸೊನ್ನೆಯಲ್ಲ ಎಂಬುದನ್ನೂ ನೆನಪಿಡಬೇಕು. ಬೂಟು ಕಾಣದ ಕಾಲಿಗೂ ಗಂಟು ಬರಬಹುದು. ವಂಶಪಾರಂಪರ್ಯದ ಪಾತ್ರವಿದೆ ಎಂಬುದಕ್ಕೆ ಅದೇ ಸೂಚನೆ.

ನಮ್ಮ ರಾಜ್ಯದಲ್ಲಿಯೂ ಇದಕ್ಕೆ ಹತ್ತಿರದ ಮಹತ್ವದ ಸಂಶೋಧನೆ ನಡೆದಿದೆ. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ಮೂಳೆತಜ್ಞರಾದ ಉದಯ ಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್ ಅವರು 4ರಿಂದ 13 ವರ್ಷದ 2,300 ಮಕ್ಕಳ ಹೆಜ್ಜೆಗುರುತುಗಳನ್ನು ಪರೀಕ್ಷಿಸಿ 1992ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರು ಹುಡುಕಿದ್ದು ಉಂಗುಟದ ಗಂಟನ್ನಲ್ಲ, ಚಪ್ಪಟೆ ಪಾದವನ್ನು. ಅಂದರೆ ಅಂಗಾಲಿನ ಕಮಾನು ಬೆಳೆಯದಿರುವುದನ್ನು. ಪಾದರಕ್ಷೆ ಧರಿಸುವ ಮಕ್ಕಳಲ್ಲಿ ಅದು ಶೇ. 8.6ರಷ್ಟಿತ್ತು, ಬರಿಗಾಲಿನ ಮಕ್ಕಳಲ್ಲಿ ಶೇ. 2.8ರಷ್ಟಿತ್ತು. ಮುಚ್ಚಿದ ಶೂ ಧರಿಸುವವರಲ್ಲಿ ಹೆಚ್ಚು, ಚಪ್ಪಲಿ, ಸ್ಯಾಂಡಲ್ ಧರಿಸುವವರಲ್ಲಿ ಅದಕ್ಕಿಂತ ಕಡಿಮೆ. 1995ರಲ್ಲಿ 1,846 ವಯಸ್ಕರ ಮೇಲೆ ನಡೆದ ಮುಂದುವರಿದ ಅಧ್ಯಯನವೂ ಇದೇ ದಿಕ್ಕಿಗೆ ಬೆರಳು ತೋರಿತು: ಹದಿನಾರು ವರ್ಷದ ನಂತರ ಪಾದರಕ್ಷೆ ಧರಿಸತೊಡಗಿದವರಲ್ಲಿ ಚಪ್ಪಟೆ ಪಾದ ಅತಿ ಕಡಿಮೆ. ಬೆಳೆಯುವ ವಯಸ್ಸಿನ ಪಾದ ಹಸಿ ಮಣ್ಣಿನಂತೆ. ಅದು ಇಟ್ಟ ಅಚ್ಚಿನ ಆಕಾರಕ್ಕೆ ಒಗ್ಗಿಕೊಳ್ಳುತ್ತದೆ ಎಂಬ ಪಾಠ ಇಲ್ಲಿದೆ.

ಬರಿಗಾಲು ಆಯ್ಕೆಯೇ, ನಿಷೇಧವೇ?

ಹಾಗಾದರೆ ಎಲ್ಲರೂ ಬರಿಗಾಲಲ್ಲಿ ನಡೆಯೋಣವೇ? ಇಲ್ಲಿ ಎಚ್ಚರ ಬೇಕು. ಜಾಲಿಮುಳ್ಳಿನ ಬಯಲುಸೀಮೆಯಲ್ಲಿ ಬರಿಗಾಲು ಎಂದರೆ ಮುಳ್ಳು, ಬೇಸಗೆಯಲ್ಲಿ ಕಾದ ಬಂಡೆ, ಗಾಯದಿಂದ ಧನುರ್ವಾಯು, ಮಲಿನವಾದ ಮಣ್ಣಿನಿಂದ ಕೊಕ್ಕೆಹುಳು. ಕೊಕ್ಕೆಹುಳುವಿನ ಮರಿ ಅಂಗಾಲಿನ ಚರ್ಮವನ್ನು ತೂರಿಯೇ ದೇಹ ಸೇರಿ ರಕ್ತಹೀನತೆ ತರುತ್ತದೆ.

ಇನ್ನೊಂದು ಸತ್ಯ ಇದಕ್ಕಿಂತ ಕಹಿಯಾದುದು. ನಮ್ಮ ಅನೇಕ ಹಳ್ಳಿಗಳಲ್ಲಿ ಬರಿಗಾಲು ಬಡತನದ ಫಲ ಮಾತ್ರವಾಗಿರದೆ ಜಾತಿಯ ಕಟ್ಟಳೆಯೂ ಆಗಿತ್ತು. ಇಡೀ ಊರಿಗೆ ಮೆಟ್ಟು, ಮಿಣಿ, ಕಪಿಲೆಯ ಚರ್ಮದ ಚೀಲ ಮಾಡಿಕೊಡುತ್ತಿದ್ದ ಸಮುದಾಯದವರೇ ಮೇಲ್ಜಾತಿಯ ಕೇರಿಯಲ್ಲಿ ಕೆರ ಕೈಯಲ್ಲಿ ಹಿಡಿದು ನಡೆಯಬೇಕಾಗಿತ್ತು. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ನಿಷೇಧಿಸಿತು. 1955ರಲ್ಲಿ ಅದಕ್ಕಾಗಿ ಕಾಯಿದೆ ಬಂತು. ಆದರೂ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯಿದೆಗೆ 2015ರಲ್ಲಿ ತಿದ್ದುಪಡಿ ತಂದಾಗ, ಸಾರ್ವಜನಿಕ ಸ್ಥಳದಲ್ಲಿ ಪಾದರಕ್ಷೆ ಧರಿಸದಂತೆ ತಡೆಯುವುದು ಅಪರಾಧವೆಂದು ಬಿಡಿಸಿ ಬರೆಯಬೇಕಾಯಿತು. ಇಪ್ಪತ್ತೊಂದನೆಯ ಶತಮಾನದಲ್ಲಿಯೂ ಅಂಥ ಮಾತನ್ನು ಕಾನೂನಿನಲ್ಲಿ ಸೇರಿಸಬೇಕಾಯಿತೆಂಬುದು ವಿದ್ಯಾರ್ಥಿಗಳು ಮನಗಾಣಬೇಕಾದ ವಿಷಯ.

ಆದ್ದರಿಂದ ‘ಹಿಂದಿನವರು ಬರಿಗಾಲಲ್ಲಿದ್ದರು, ಗಟ್ಟಿಯಾಗಿದ್ದರು’ ಎಂದು ಹೊಗಳಿ ಮುಗಿಸುವಂತಿಲ್ಲ. ಕರ್ನಾಟಕ ಸರ್ಕಾರ 2015-16ರಿಂದ ಸರ್ಕಾರಿ ಶಾಲೆಯ ಮಕ್ಕಳಿಗೆ ಒಂದು ಜೊತೆ ಶೂ, ಎರಡು ಜೊತೆ ಕಾಲುಚೀಲ ಕೊಡುವ ಯೋಜನೆಯನ್ನು ಆರಂಭಿಸಿದ್ದರ ಅರ್ಥ ಈ ಹಿನ್ನೆಲೆಯಲ್ಲಿ ತಿಳಿಯುತ್ತದೆ. ಪಾದರಕ್ಷೆ ಎಲ್ಲರ ಹಕ್ಕು. ಆ ಪಾದರಕ್ಷೆ ಪಾದಕ್ಕೆ ತಕ್ಕಂತಿರಬೇಕು ಎಂಬುದು ಅದರ ಮುಂದಿನ ಮಾತು.

ತಕ್ಕ ಪಾದರಕ್ಷೆ ಔಷಧವೂ ಆಗಬಲ್ಲದು ಎಂಬುದಕ್ಕೆ ನೆರೆಯ ತಮಿಳುನಾಡಿನಲ್ಲಿ ನಿದರ್ಶನವಿದೆ. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ 1946ರಿಂದ ದುಡಿದ ಡಾ. ಪಾಲ್ ಬ್ರ್ಯಾಂಡ್, ಕುಷ್ಠರೋಗದಿಂದ ಸ್ಪರ್ಶಜ್ಞಾನ ಕಳೆದುಕೊಂಡ ಪಾದಗಳಿಗಾಗಿ ಮೃದು ರಬ್ಬರಿನ ಅಟ್ಟೆಯ ಚಪ್ಪಲಿಗಳನ್ನು ಬಳಕೆಗೆ ತಂದರು. ಹುಣ್ಣಾಗದಂತೆ ಪಾದವನ್ನು ಕಾಪಾಡುವಲ್ಲಿ ಆ ಸಾದಾ ಚಪ್ಪಲಿಯ ಪಾಲು ದೊಡ್ಡದು.

ಶಸ್ತ್ರಚಿಕಿತ್ಸೆ ಇಲ್ಲದೆ ನಿಭಾಯಿಸುವುದು

ಗಂಟು ಈಗಾಗಲೇ ಬಂದಿದ್ದರೆ ಏನು ಮಾಡಬೇಕು? ಮೊದಲು ಒಂದು ಮಾತು ಸ್ಪಷ್ಟವಾಗಲಿ. ಸಿದ್ದರಬೆಟ್ಟದ ಸಸ್ಯವಾಗಲಿ, ಔಷಧದಂಗಡಿಯ ಮುಲಾಮಾಗಲಿ, ವಾಲಿದ ಎಲುಬನ್ನು ನೆಟ್ಟಗೆ ಮಾಡಲಾರದು. ಎಣ್ಣೆ ನೀವಿದರೆ ಹಿತವೆನಿಸಬಹುದು, ಅಷ್ಟೇ. ಶಸ್ತ್ರಚಿಕಿತ್ಸೆಯಿಲ್ಲದ ಕ್ರಮಗಳ ಗುರಿ ಬೇರೆ: ನೋವು ಕಡಿಮೆ ಮಾಡುವುದು, ಉಜ್ಜುವಿಕೆ ತಪ್ಪಿಸುವುದು, ನಡಿಗೆ ಕಾಪಾಡುವುದು.

ಇವುಗಳಲ್ಲಿ ಮುಖ್ಯವಾದುದು ಪಾದರಕ್ಷೆಯ ಬದಲಾವಣೆ. ಪಾದ ಸಂಜೆಯ ಹೊತ್ತಿಗೆ ತುಸು ಊದಿಕೊಂಡಿರುತ್ತದೆ. ಆಗ, ನಿಂತುಕೊಂಡು, ಎರಡೂ ಕಾಲಿನ ಅಳತೆ ನೋಡಿ ದೊಡ್ಡ ಕಾಲಿಗೆ ತಕ್ಕುದನ್ನು ಕೊಳ್ಳಬೇಕು. ಬೆರಳಿನ ತುದಿಯ ಮುಂದೆ ಕೈಹೆಬ್ಬೆರಳಿನ ಅಗಲದಷ್ಟು ಜಾಗ, ಅಕ್ಕಪಕ್ಕ ಬೆರಳು ಅಲುಗಿಸುವಷ್ಟು ಸಡಿಲ ಇರಲಿ. ಹಿಮ್ಮಡಿ ತಗ್ಗಾಗಿರಲಿ. ಹಿಮ್ಮಡಿ ಎತ್ತರವಾದಷ್ಟೂ ದೇಹದ ಭಾರ ಪಾದದ ಮುಂಭಾಗಕ್ಕೆ ಜಾರಿ ಉಂಗುಟವನ್ನು ಮೂಲೆಗೊತ್ತುತ್ತದೆ. ಬೆಟ್ಟ ಇಳಿಯುವಾಗಲೂ ಇದೇ ಆಗುವುದರಿಂದ, ಆಗ ಶೂವಿನ ದಾರವನ್ನು ಪಾದದ ಮೇಲ್ಭಾಗದಲ್ಲಿ ಬಿಗಿದು ಕಟ್ಟಿ ಪಾದ ಮುಂದೆ ಜಾರದಂತೆ ನೋಡಿಕೊಳ್ಳಬೇಕು. ಹೊಲಿಗೆ ಅಥವಾ ಪಟ್ಟಿ ನೇರವಾಗಿ ಗಂಟಿನ ಮೇಲೆ ಬರುವ ಜೋಡು ಬೇಡ. ಉಂಗುಟ ಎರಡನೆಯ ಬೆರಳನ್ನು ಒತ್ತುತ್ತಿದ್ದರೆ ಆ ಬೆರಳಿನ ಕಾಲುಂಗುರವನ್ನೂ ಸಡಿಲಿಸುವುದು ಲೇಸು.

ಗಂಟಿನ ಮೇಲೆ ಮೆತ್ತನೆಯ ಪ್ಯಾಡು, ಬೆರಳುಗಳ ನಡುವೆ ಮೃದುವಾದ ತುಂಡು ಇಟ್ಟುಕೊಂಡರೆ ಕೆಲವರಿಗೆ ಉಜ್ಜುವಿಕೆ ತಪ್ಪುತ್ತದೆ. ಊತವಿದ್ದಾಗ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ಹದಿನೈದು ನಿಮಿಷ ಇಡಬಹುದು. ಉಂಗುಟವನ್ನು ಕೈಯಿಂದ ಮೆಲ್ಲಗೆ ಮೇಲೆ ಕೆಳಗೆ ಆಡಿಸುವುದು, ನೆಲದ ಮೇಲಿನ ಟವೆಲ್ಲನ್ನು ಬೆರಳುಗಳಿಂದ ಮುದುರುವುದು, ಮೀನಖಂಡವನ್ನು ಹಿಗ್ಗಿಸುವುದು ಸ್ನಾಯುಗಳಿಗೆ ಒಳ್ಳೆಯ ವ್ಯಾಯಾಮಗಳು. ರಾತ್ರಿ ಕಟ್ಟಿಕೊಳ್ಳುವ ಪಟ್ಟಿಗಳು ಬೆರಳನ್ನು ಶಾಶ್ವತವಾಗಿ ನೇರ ಮಾಡುತ್ತವೆಂಬ ಜಾಹೀರಾತಿಗೆ ತಕ್ಕ ಪುರಾವೆಯಿಲ್ಲ.

ಫಿನ್‌ಲೆಂಡಿನಲ್ಲಿ 209 ರೋಗಿಗಳ ಮೇಲೆ ನಡೆದು 2001ರಲ್ಲಿ ಪ್ರಕಟವಾದ ಪ್ರಯೋಗವೊಂದು ಇಲ್ಲಿ ಉಪಯುಕ್ತ. ಒಂದು ಗುಂಪಿಗೆ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ಶೂವಿನೊಳಗಿಡುವ ವಿಶೇಷ ಅಟ್ಟೆ, ಮತ್ತೊಂದಕ್ಕೆ ಯಾವ ಚಿಕಿತ್ಸೆಯೂ ಇಲ್ಲದೆ ಕಾಯುವುದು. ಆರು ತಿಂಗಳ ಹೊತ್ತಿಗೆ ಒಳ ಅಟ್ಟೆಯವರಿಗೂ ನೋವು ಇಳಿದಿತ್ತು. ಒಂದು ವರ್ಷದ ಹೊತ್ತಿಗೆ ಶಸ್ತ್ರಚಿಕಿತ್ಸೆಯವರೇ ಮುಂದಿದ್ದರು. ಎಂದರೆ ಸಾದಾ ಕ್ರಮಗಳಿಗೆ ಬೆಲೆಯಿದೆ, ಮಿತಿಯೂ ಇದೆ. ಪಾದರಕ್ಷೆ ಬದಲಿಸಿದ ಮೇಲೂ ನಿತ್ಯದ ನಡಿಗೆ ಕಷ್ಟವಾದರೆ ಮೂಳೆತಜ್ಞರನ್ನು ಕಾಣಲು ಸಂಕೋಚ ಬೇಡ.

ಕೆಲವರು ತಡಮಾಡಲೇಬಾರದು. ಸಕ್ಕರೆ ಕಾಯಿಲೆಯವರು, ಪಾದದಲ್ಲಿ ಸ್ಪರ್ಶ ಕಡಿಮೆಯಾದವರು, ಗಂಟಿನ ಮೇಲೆ ಹುಣ್ಣಾದವರು, ಇದ್ದಕ್ಕಿದ್ದಂತೆ ಕೀಲು ಕೆಂಪಗಾಗಿ ತೀವ್ರವಾಗಿ ನೋಯುವವರು, ಹಲವು ಕೀಲುಗಳು ಒಟ್ಟಿಗೆ ಊದಿಕೊಂಡವರು ಕೂಡಲೇ ವೈದ್ಯರಿಗೆ ತೋರಿಸಬೇಕು.

ಚರಿತ್ರೆಯೆಂದರೆ ಕೋಟೆ, ಕಾಳಗ, ಶಾಸನಗಳು ಮಾತ್ರವಲ್ಲ. ಸಮಾಧಿಯ ಎಲುಬು, ಮಕ್ಕಳ ಹೆಜ್ಜೆಗುರುತು, ಕಾನೂನಿನ ಒಂದು ಸಾಲು, ಇವೂ ಚರಿತ್ರೆಯ ಆಕರಗಳೇ. ಅವೆಲ್ಲ ಒಟ್ಟಾಗಿ ಹೇಳುವುದು ಇಷ್ಟೇ: ಬಹುಕಾಲ ಕೆಲವರ ಪಾದವನ್ನು ಬೂಟಿಗೆ ಹೊಂದಿಸಲಾಯಿತು, ಇನ್ನು ಕೆಲವರ ಪಾದಕ್ಕೆ ಬೂಟೇ ಸಿಗದಂತೆ ಮಾಡಲಾಯಿತು. ಎಲ್ಲರಿಗೂ ಪಾದರಕ್ಷೆ, ಪ್ರತಿಯೊಬ್ಬರ ಪಾದಕ್ಕೂ ತಕ್ಕ ಪಾದರಕ್ಷೆ ಎಂಬ ದಾರಿಯಲ್ಲಿ ನಾವಿನ್ನೂ ನಡೆಯುತ್ತಿದ್ದೇವೆ.

ಮಾಡಿ ನೋಡಿ

1. ಬಿಳಿ ಹಾಳೆಯ ಮೇಲೆ ಬರಿಗಾಲಲ್ಲಿ ನಿಂತು ಪಾದದ ಸುತ್ತ ಗೆರೆ ಎಳೆಯಿರಿ. ಅದರ ಮೇಲೆ ನಿಮ್ಮ ಶೂ ಇಟ್ಟು ಬೇರೆ ಬಣ್ಣದ ಗೆರೆ ಎಳೆಯಿರಿ. ಪಾದದ ಗೆರೆ ಶೂವಿನ ಗೆರೆಯ ಹೊರಗೆ ಹೋಗಿದೆಯೇ?

2. ಉಂಗುಟದ ನಡುವಿನಿಂದ ಹಿಂದಕ್ಕೆ ಗೆರೆ ಎಳೆದು, ಮೇಯರನ ಸೂತ್ರ ನಿಮ್ಮ ಪಾದಕ್ಕೂ ಶೂವಿಗೂ ಹೊಂದುವುದೇ ನೋಡಿ.

3. ನಿಮ್ಮ ಊರಿನ ಹಿರಿಯರನ್ನು ಕೇಳಿ ತಿಳಿಯಿರಿ: ಹಿಂದೆ ಮೆಟ್ಟು ಮಾಡುತ್ತಿದ್ದವರು ಯಾರು? ಯಾರು ಮೆಟ್ಟಬಹುದಾಗಿತ್ತು, ಯಾರು ಮೆಟ್ಟುವಂತಿರಲಿಲ್ಲ? ಆ ಕಟ್ಟಳೆ ಯಾವಾಗ, ಹೇಗೆ ಮುರಿಯಿತು?